ಮಗು ಹುಟ್ಟಿದ ಮೇಲೆ ಹೆಂಡತಿ ದೂರವಾದಳು ಅನ್ನಿಸುತ್ತಿದೆಯಾ?

ಪ್ರಶ್ನೆ: ನನಗೆ 34, ಹೆಂಡತಿಗೆ 28. ತೀರ್ಥಹಳ್ಳಿ ಹತ್ತಿರ ನಮ್ಮ ಊರು, ಅಡಿಕೆ ತೋಟ ಇದೆ. ಹತ್ತು ತಿಂಗಳ ಮಗಳಿದ್ದಾಳೆ. ನಾರ್ಮಲ್ ಡೆಲಿವರಿ, ಹೊಲಿಗೆ ಹಾಕಿದ್ದರು. ಸಾಗರದ ತವರಿನಲ್ಲಿ ಐದು ತಿಂಗಳು ಬಾಣಂತನ ಮುಗಿಸಿ ಮಳೆಗಾಲದ ಶುರುವಿಗೆ ಬಂದಳು. ಬಂದ ಮೇಲೆ ಎರಡು ಸಲ ಸೇರಲು ನೋಡಿದೆವು. ಎರಡೂ ಸಲ ನೋವು ಅಂತ ಅತ್ತಳು. ಆಮೇಲೆ ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ಈಗ ಭುಜದ ಮೇಲೆ ಕೈ ಇಟ್ಟರೂ ಸರಿದು ಹೋಗುತ್ತಾಳೆ. ಮಗಳ ಜೊತೆ ನಗುತ್ತಾಳೆ, ನನ್ನ ಜೊತೆ ಸಾಮಾನಿನ ಪಟ್ಟಿ ಬಿಟ್ಟರೆ ಮಾತಿಲ್ಲ. ರಾತ್ರಿ ಮಗು ನೋಡಿಕೊಳ್ಳಲು ಅಮ್ಮ ನಮ್ಮ ಕೋಣೆಯಲ್ಲೇ ಮಲಗುತ್ತಾರೆ, ನಾನು ನಡುಮನೆಯಲ್ಲಿ. ಹೆಂಡತಿ ಇನ್ನೂ ಹಾಲು ಕುಡಿಸುತ್ತಾಳೆ, ಮುಟ್ಟು ಇನ್ನೂ ಶುರುವಾಗಿಲ್ಲ. 'ಮಗು ಆದಮೇಲೆ ಎಲ್ಲರ ಮನೇಲೂ ಇಷ್ಟೇ, ಸುಮ್ನಿರು' ಅಂತಾನೆ ಗೆಳೆಯ. ಅವಳಿಗೆ ನಾನು ಬೇಡವಾದೆನಾ? ಇದಕ್ಕೆ ಔಷಧಿ ಇದೆಯಾ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ನೀವು ನಡುವೆ ಎಲ್ಲೋ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಎರಡೂ ಸಲ ನೋವು ಅಂತ ಅತ್ತರು ಅನ್ನುವುದು. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಹೆರಿಗೆಯಾಗಿ ಐದಾರು ತಿಂಗಳಾದ ಮೇಲೂ ಅಳು ಬರುವಷ್ಟು ನೋವಾಗುತ್ತದೆ ಅಂದರೆ, 'ನಾನು ಬೇಡವಾದೆನಾ' ಅಂತ ಕೇಳುವ ಮೊದಲು 'ಎಲ್ಲಿ ನೋಯುತ್ತೆ' ಅಂತ ಕೇಳಬೇಕಿತ್ತು. ಈಗಲೂ ತಡವಾಗಿಲ್ಲ.

ನೋವಿಗೆ ಕಾರಣ ಏನಿರಬಹುದು? ನಾನು ಪರೀಕ್ಷೆ ಮಾಡದೆ ಇದೇ ಅಂತ ಹೇಳಲಾರೆ. ಆದರೆ ನಿಮ್ಮ ಮನೆಯವರು ಇನ್ನೂ ಹಾಲು ಕುಡಿಸುತ್ತಿದ್ದಾರೆ, ಮುಟ್ಟು ಬಂದಿಲ್ಲ ಅಂದಾಗ ನನಗೆ ಮೊದಲು ಅನ್ನಿಸುವುದು ಒಣಗುವಿಕೆ. ಹಾಲು ಬರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್. ಅದು ಜಾಸ್ತಿ ಇರುವಷ್ಟು ದಿನ ಈಸ್ಟ್ರೋಜೆನ್ ಕಡಿಮೆ ಇರುತ್ತದೆ. ಈಸ್ಟ್ರೋಜೆನ್ ಕಡಿಮೆಯಾದರೆ ಯೋನಿಯ ಒಳಚರ್ಮ ತೆಳುವಾಗುತ್ತದೆ, ಪಸೆ ಆರುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಆಗುವುದೂ ಬಹುಮಟ್ಟಿಗೆ ಇದೇ. ಇಪ್ಪತ್ತೆಂಟರ ಹುಡುಗಿಗೆ ಹೀಗಾಗುತ್ತದೆ ಅಂತ ಯಾರೂ ಹೇಳಿರುವುದಿಲ್ಲ. ಹಾಗಾಗಿ ಅವರು ತನ್ನಲ್ಲೇ ಏನೋ ಕೆಟ್ಟಿದೆ ಅಂದುಕೊಳ್ಳುತ್ತಾರೆ, ಗಂಡ ತನ್ನ ಮೇಲೆ ಮನಸ್ಸಿಲ್ಲ ಅಂದುಕೊಳ್ಳುತ್ತಾನೆ. ಆಸೆಯೂ ಇದೇ ಹಾರ್ಮೋನುಗಳಿಂದ ತಗ್ಗುತ್ತದೆ. ಹಾಲು ಕಡಿಮೆ ಮಾಡುತ್ತಾ ಬಂದಂತೆ ಇದು ತಾನಾಗಿ ಸರಿಹೋಗುತ್ತದೆ. ಹಾಗಂತ ಇದಕ್ಕೋಸ್ಕರ ಹಾಲು ಬಿಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹಾಲು ಯಾವಾಗ ಬಿಡಿಸಬೇಕು ಅನ್ನುವುದು ತಾಯಿ ಮಗುವಿಗೆ ಬಿಟ್ಟದ್ದು.

ಎರಡನೆಯದು ಹೊಲಿಗೆ ಹಾಕಿದ ಜಾಗ. ಹೆಚ್ಚಿನವರಿಗೆ ಆರು ವಾರದಲ್ಲಿ ಮಾಯುತ್ತದೆ. ಕೆಲವರಿಗೆ ಅಲ್ಲಿ ಗಂಟು ಉಳಿಯುತ್ತದೆ, ಇಲ್ಲವೇ ಕಾಳಿನಷ್ಟು ಕೆಂಪು ಹಸಿಮಾಂಸ ಬೆಳೆದಿರುತ್ತದೆ. ಬೆರಳು ತಾಗಿದರೂ ಉರಿಯುತ್ತದೆ. ನೋಡಿದ ತಕ್ಷಣ ಗೊತ್ತಾಗುವಂಥದ್ದು, ಓಪಿಡಿಯಲ್ಲೇ ಮುಗಿಯುವ ಚಿಕಿತ್ಸೆ. ಆದರೆ ತೋರಿಸಿಕೊಂಡರೆ ತಾನೇ! ಇಲ್ಲಿ ನಮ್ಮ ವ್ಯವಸ್ಥೆಯ ಒಂದು ತಮಾಷೆ ಹೇಳಬೇಕು. ಮಗುವಿನ ಲಸಿಕೆ ಕಾರ್ಡು ತೆಗೆದು ನೋಡಿ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳು, ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಎಲ್ಲ ತುಂಬಿರುತ್ತದೆ. ಆಶಾ ಕಾರ್ಯಕರ್ತೆ 3, 6, 9ನೇ ತಿಂಗಳಿಗೆ ಮನೆಗೆ ಬಂದು ಮಗುವಿನ ತೂಕ, ಊಟ ವಿಚಾರಿಸಿರುತ್ತಾರೆ. ಅಷ್ಟೆಲ್ಲ ಓಡಾಟದಲ್ಲಿ ತಾಯಿಗೆ 'ನಿಂಗೆ ಅಲ್ಲಿ ಇನ್ನೂ ನೋವಿದ್ಯಾ' ಅಂತ ಕೇಳಿದವರು ಯಾರು? ಬಾಣಂತನಕ್ಕೆ ಸಾಗರಕ್ಕೆ ಹೋಗಿದ್ದರಿಂದ ಆರು ವಾರದ ತಪಾಸಣೆಯೂ ತಪ್ಪಿರಬಹುದು. ನನ್ನ ಹತ್ತಿರ ಬರುವವರಲ್ಲಿ ಇದು ತುಂಬಾ ಸಾಮಾನ್ಯ. ಹೆರಿಗೆ ಮಾಡಿಸಿದ ಡಾಕ್ಟರು ಒಂದು ಊರಲ್ಲಿ, ಬಾಣಂತಿ ಇನ್ನೊಂದು ಊರಲ್ಲಿ.

ಮೂರನೆಯದು ಈ ಎರಡರ ಬೆನ್ನಿಗೇ ಬರುವಂಥದ್ದು. ಎರಡು ಸಲ ನೋವಾದ ಮೇಲೆ ದೇಹ ಮುಂದಿನ ಸಲಕ್ಕೆ ಮೊದಲೇ ಬಿಗಿದುಕೊಳ್ಳುತ್ತದೆ. ಬೇಕು ಅಂತ ಮಾಡುವುದಲ್ಲ, ಕೆಳಗಿನ ಸ್ನಾಯುಗಳು ತಾವಾಗಿ ಬಿಗಿಯುತ್ತವೆ. ಬಿಗಿದಾಗ ನೋವು ಇನ್ನೂ ಜಾಸ್ತಿ. ನೀವು ಭುಜದ ಮೇಲೆ ಕೈ ಇಟ್ಟರೆ ಅವರು ಸರಿಯುವುದು ಇದರಿಂದ ಅಂತ ನನ್ನ ಅಂದಾಜು. ನಿಮಗೆ ಅದು ಬರೀ ಕೈ. ಅವರಿಗೆ ಅದು ರಾತ್ರಿಯ ಮೊದಲ ಹೆಜ್ಜೆ. ಹಗಲು ಎಲ್ಲರ ಮುಂದೆ ಕೈ ಮುಟ್ಟದ ಗಂಡ ಕೋಣೆಯಲ್ಲಿ ಮಾತ್ರ ಮುಟ್ಟಿದರೆ, ಮುಟ್ಟುವುದಕ್ಕೆ ಬೇರೆ ಅರ್ಥ ಎಲ್ಲಿ ಉಳಿಯುತ್ತೆ ಹೇಳಿ.

ಇನ್ನು ಹೆದರಿಕೆ. ಮುಟ್ಟು ಬಂದಿಲ್ಲ ಅಂತ ನೀವು ಬರೆದದ್ದು ಒಂದು ಥರ ನಿಶ್ಚಿಂತೆಯಿಂದ ಬರೆದಂತಿದೆ. ಅವರಿಗೆ ಅದೇ ನಿದ್ದೆಗೆಡಿಸಿರಬಹುದು. ಹಾಲು ಕುಡಿಸುವಾಗ ಗರ್ಭ ನಿಲ್ಲುವುದಿಲ್ಲ ಅನ್ನುವ ಮಾತು ನಿಜವಾಗಲು ಮೂರು ಷರತ್ತುಗಳಿವೆ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಬಂದಿರಬಾರದು, ಮಗುವಿಗೆ ತಾಯಿ ಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು. ಮೂರೂ ಇದ್ದಾಗ ಅದು ಸುಮಾರು 98 ಶೇಕಡಾ ಕೆಲಸ ಮಾಡುತ್ತದೆ. ನಿಮ್ಮ ಮಗಳಿಗೆ ಹತ್ತು ತಿಂಗಳು, ರಾಗಿ ಸರಿ, ಗಂಜಿ ತಿನ್ನುತ್ತಿರಬೇಕು. ಅಂದರೆ ಆ ರಕ್ಷಣೆ ಈಗ ಇಲ್ಲ. ಮುಟ್ಟು ಬರುವುದಕ್ಕೆ ಎರಡು ವಾರ ಮೊದಲೇ ಅಂಡ ಬಿಡುಗಡೆಯಾಗುತ್ತದೆ, ಹಾಗಾಗಿ ಮುಟ್ಟೇ ನೋಡದೆ ಮತ್ತೆ ಗರ್ಭಿಣಿಯಾಗಿ ಬರುವವರನ್ನು ನಾವು ನೋಡುತ್ತಲೇ ಇರುತ್ತೇವೆ. ಆ ಎರಡು ಸಲ ನೀವು ಏನೂ ಬಳಸಿರದಿದ್ದರೆ, ಮನಸ್ಸಿನ ಸಮಾಧಾನಕ್ಕಾದರೂ ಒಂದು ಕಾರ್ಡ್ ಟೆಸ್ಟ್ ಮಾಡಿ ನೋಡಿ.

ಮುಂದಿನ ಮಗುವಿಗೆ ಎರಡು ವರ್ಷವಾದರೂ ಅಂತರ ಇರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡು ಬೇಕಾಗಿಲ್ಲ. ನಿರೋಧ್ ಇದೆ. ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಇಂಜೆಕ್ಷನ್ ಇದೆ. ಛಾಯಾ ಮಾತ್ರೆ ಇದೆ, ಅದರಲ್ಲಿ ಹಾರ್ಮೋನು ಇಲ್ಲ, ಹಾಲು ಕುಡಿಸುವವರಿಗೆ ಆಗುತ್ತದೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು ದಿನ, ಆಮೇಲೆ ವಾರಕ್ಕೆ ಒಂದು. ಕಾಪರ್ ಟಿ ಹಾಕಿಸಿಕೊಂಡರೆ 5 ಅಥವಾ 10 ವರ್ಷ ಚಿಂತೆ ಇಲ್ಲ, ಬೇಕಾದಾಗ ತೆಗೆಸಬಹುದು. ಯಾವುದು ಒಗ್ಗುತ್ತದೆ ಅನ್ನುವುದನ್ನು ಡಾಕ್ಟರ ಎದುರು ಇಬ್ಬರೂ ಕೂತು ತೀರ್ಮಾನಿಸಿ. ಅವರೊಬ್ಬರ ತಲೆಗೆ ಕಟ್ಟಬೇಡಿ. ಎಷ್ಟೋ ಮನೆಗಳಲ್ಲಿ ಈ ಒಂದು ಹೆದರಿಕೆ ಹೋದ ಮೇಲೆ ಅರ್ಧ ಸಮಸ್ಯೆ ತಾನಾಗಿ ಸಡಿಲವಾಗುತ್ತದೆ.

ಈಗ ನಿಮ್ಮ ಮನೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಔಷಧಿಗಿಂತ ಇದೇ ಕಷ್ಟ.

ನಮ್ಮ ಕಡೆಯ ಬಾಣಂತನ ಒಳ್ಳೆಯ ಪದ್ಧತಿ. ಎಣ್ಣೆ ಸ್ನಾನ, ಹಂಡೆ ಬಿಸಿನೀರು, ಬೆಳ್ಳುಳ್ಳಿ ಮೆಣಸಿನ ಸಾರು, ಅಂಟಿನುಂಡೆ, ಜೊತೆಗೆ ಮಗು ಎತ್ತಿಕೊಳ್ಳಲು ನಾಲ್ಕು ಕೈ. ಪಟ್ಟಣದಲ್ಲಿ ಒಬ್ಬಳೇ ಇರುವ ಎಷ್ಟೋ ತಾಯಂದಿರಿಗೆ ಈ ಭಾಗ್ಯ ಇಲ್ಲ. (ಬಾಣಂತಿಗೆ ನೀರು ಕಡಿಮೆ ಕೊಡುವುದೊಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮಲಬದ್ಧತೆಯಾಗಿ ಹೊಲಿಗೆ ಜಾಗ ಇನ್ನೂ ನೋಯುತ್ತದೆ.) ಆದರೆ ಇದರಲ್ಲಿ ಗಂಡನಿಗೆ ಕೆಲಸವೇ ಇಲ್ಲ. ನೀವು ಹದಿನೈದು ದಿನಕ್ಕೊಮ್ಮೆ ಸಾಗರಕ್ಕೆ ನೆಂಟರ ಹಾಗೆ ಹೋಗಿ, ಮಗು ನೋಡಿ, ಊಟ ಮಾಡಿ, ಸಂಜೆ ಬಸ್ಸಿಗೆ ವಾಪಸ್ ಬಂದಿರುತ್ತೀರಿ. ಐದು ತಿಂಗಳಲ್ಲಿ ಅವರು ತಾಯಿಯಾಗುವುದನ್ನು ಕಲಿತರು. ನೀವು ಅಪ್ಪನಾಗುವುದನ್ನು ಕಲಿಯಲು ಯಾರೂ ಬಿಡಲಿಲ್ಲ. ಮನೆಗೆ ಬಂದ ಮೇಲೆ ಆ ಜಾಗದಲ್ಲಿ ನಿಮ್ಮ ಅಮ್ಮ ಕೂತರು. ಒಳ್ಳೆ ಮನಸ್ಸಿನಿಂದಲೇ ಕೂತರು, ಅದರಲ್ಲಿ ಅನುಮಾನ ಇಲ್ಲ. ಆದರೆ ಪರಿಣಾಮ ಏನಾಯಿತು ಅಂದರೆ, ಗಂಡ ಹೆಂಡತಿ ಇಬ್ಬರೇ ಇರುವ ಹತ್ತು ನಿಮಿಷವೂ ನಿಮ್ಮ ಮನೆಯಲ್ಲಿ ಇಲ್ಲ.

ಅವರ ದಿನ ಹೇಗಿರುತ್ತದೆ ಒಮ್ಮೆ ಲೆಕ್ಕ ಹಾಕಿ. ಈಗ ಕೊನೆಕೊಯ್ಲು ಬೇರೆ. ಅಂಗಳದ ತುಂಬಾ ಗೊನೆ, ರಾತ್ರಿ ಅಡಿಕೆ ಸುಲಿಯುವವರು, ಅವರಿಗೆ ಚಹಾ, ಊಟ. ಮಗು ಹರಿದಾಡುವ ವಯಸ್ಸು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಹತ್ತಿರ ಹೋಗದ ಹಾಗೆ ಒಬ್ಬರು ಕಣ್ಣಿಟ್ಟೇ ಇರಬೇಕು. ಬೆಳಿಗ್ಗೆಯಿಂದ ಸೊಂಟದ ಮೇಲೆ ಮಗು, ಎದೆಗೆ ಮಗು, ಸೆರಗು ಎಳೆಯುವ ಮಗು. ರಾತ್ರಿ ಹನ್ನೊಂದಕ್ಕೆ ಮಲಗಿದರೆ ಎರಡು ಗಂಟೆಗೆ ಮತ್ತೆ ಹಾಲಿಗೆ ಏಳಬೇಕು. ಇಡೀ ದಿನ ಯಾರೋ ಮುಟ್ಟುತ್ತಲೇ ಇದ್ದ ದೇಹಕ್ಕೆ ಇನ್ನೊಬ್ಬರು ಮುಟ್ಟಬೇಡಿ ಅನ್ನಿಸುತ್ತದೆ. ಅದು ನಿಮ್ಮ ಮೇಲಿನ ಕೋಪ ಅಲ್ಲ. ಆಗ ಗಂಡನೂ ಅವರ ಕಣ್ಣಿಗೆ ಏನೋ ಕೇಳಿಕೊಂಡು ಬರುವ ಇನ್ನೊಬ್ಬ ಮನುಷ್ಯ, ಅಷ್ಟೇ.

ಹಾಗಾಗಿ ಮೊದಲ ಕೆಲಸ, ರಾತ್ರಿಯ ಮಗುವನ್ನು ನೀವು ವಹಿಸಿಕೊಳ್ಳಿ. ಹಾಲು ಅವರೇ ಕೊಡಬೇಕು, ನಿಜ. ಆದರೆ ಮಗುವನ್ನು ಎತ್ತಿ ತಂದು ಕೊಡುವುದು, ತೇಗು ಬರಿಸುವುದು, ಬಟ್ಟೆ ಬದಲಿಸುವುದು, ತೊಟ್ಟಿಲು ತೂಗುವುದು ಗಂಡಸಿನ ಕೈಯಲ್ಲೂ ಆಗುತ್ತದೆ. ಅಮ್ಮನಿಗೆ ನೀವೇ ಹೇಳಬೇಕು. ಹೆಂಡತಿಯ ಬಾಯಲ್ಲಿ ಹೇಳಿಸಿದರೆ ಅದು ಸೊಸೆಯ ದೂರು ಆಗುತ್ತದೆ, ನೀವು ಹೇಳಿದರೆ ಮಗನ ಕಾಳಜಿ. 'ಅಮ್ಮ, ಹಗಲಿಡೀ ನಿಂಗೂ ಸಾಕಾಗಿರುತ್ತೆ. ಇವತ್ತಿಂದ ರಾತ್ರಿ ಮಗು ಎದ್ರೆ ನಾನ್ ನೋಡ್ಕೋತೀನಿ, ನೀನು ನಡುಮನೇಲಿ ಆರಾಮಾಗಿ ಮಲಕ್ಕೋ' ಅಂದರೆ ಸಾಕು. ಮೊದಲ ವಾರ ಅವರು ಎರಡು ಸಲ ಎದ್ದು ಬಂದು ಬಾಗಿಲು ತಟ್ಟುತ್ತಾರೆ. ಇರಲಿ. ಮೂರನೇ ವಾರಕ್ಕೆ ಅವರಿಗೂ ನಿದ್ದೆಯ ರುಚಿ ಹತ್ತುತ್ತದೆ.

ಆದರೆ ಒಂದು ಮಾತು. ಕೋಣೆಗೆ ವಾಪಸ್ ಬಂದ ರಾತ್ರಿಯೇ ನೀವು ಮತ್ತೆ ಪ್ರಯತ್ನಿಸಿದರೆ ಎಲ್ಲ ಕೆಡುತ್ತದೆ. ಆಗ ಮಗು ನೋಡಿಕೊಳ್ಳುವುದೂ ಅದಕ್ಕೇ ಅಂತ ಅವರಿಗೆ ಅನ್ನಿಸುತ್ತದೆ. ಬಾಯಿಬಿಟ್ಟು ಹೇಳಿ. 'ಡಾಕ್ಟರ್ ನೋಡಿ ಸರಿ ಅನ್ನೋವರೆಗೆ, ನಿಂಗೆ ಬೇಕು ಅನ್ನಿಸೋವರೆಗೆ ನಾನು ಆ ವಿಷಯಕ್ಕೆ ಬರಲ್ಲ.' ಹೇಳಿದ ಮೇಲೆ ಹಾಗೇ ಇರಿ. ಲೈಂಗಿಕ ಸಮಸ್ಯೆಗಳ ಚಿಕಿತ್ಸೆಯಲ್ಲಿ ಇದು ಹಳೆಯ ವಿಧಾನ. ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಅಮೆರಿಕದ ಸಂಶೋಧಕರು 1970ರ ಹೊತ್ತಿಗೇ ಇದನ್ನು ರೂಪಿಸಿದ್ದರು. ಸ್ವಲ್ಪ ಕಾಲ ಸೇರುವುದನ್ನು ಇಬ್ಬರೂ ಒಪ್ಪಿ ಬದಿಗಿಡುವುದು, ಬರೀ ಮುಟ್ಟುವುದನ್ನು ಮತ್ತೆ ಅಭ್ಯಾಸ ಮಾಡುವುದು. ಕೈ, ಪಾದ, ಬೆನ್ನು, ತಲೆ. ಇದು ಎಲ್ಲಿಗೂ ಹೋಗಿ ಮುಟ್ಟಬೇಕಾಗಿಲ್ಲ ಅಂತ ಗೊತ್ತಾದ ದಿನ ಭುಜ ಸರಿಯುವುದು ನಿಲ್ಲುತ್ತದೆ.

ಸಂಜೆ ಬಚ್ಚಲೊಲೆಗೆ ನೀವೇ ಬೆಂಕಿ ಹಾಕಿ. ನೀರು ಕಾದ ಮೇಲೆ ಮಗುವನ್ನು ಇಸಿದುಕೊಂಡು, 'ಹೋಗಿ ನಿಧಾನಕ್ಕೆ ಸ್ನಾನ ಮಾಡಿ ಬಾ, ಅತ್ತರೂ ಕರೆಯಲ್ಲ' ಅನ್ನಿ. ಮಗು ಅತ್ತೇ ಅಳುತ್ತೆ, ನೀವು ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ. ಹತ್ತು ತಿಂಗಳಲ್ಲಿ ಅವರು ಅರ್ಧ ಗಂಟೆ ಬಾಗಿಲು ಹಾಕಿಕೊಂಡು ಸ್ನಾನ ಮಾಡಿದ್ದು ಎಷ್ಟು ಸಲ ಅಂತ ಕೇಳಿ ನೋಡಿ. ಆಗುಂಬೆಗೆ ಸೂರ್ಯಾಸ್ತ ತೋರಿಸೋಕೆ ಕರ್ಕೊಂಡು ಹೋಗಿ, ಹೋಂಸ್ಟೇ ಬುಕ್ ಮಾಡಿ ಅಂತೆಲ್ಲ ನಾನು ಹೇಳಲ್ಲ. ಹಾಲು ಕುಡಿಯುವ ಮಗುವಿನ ತಾಯಿಗೆ ಅದೂ ಒಂದು ಕೆಲಸವೇ, ಡೈಪರ್ ಚೀಲ ಕಟ್ಟಬೇಕಾದವರು ಅವರೇ ತಾನೇ.

ಮನೆಯ ಬಗ್ಗೆ ಇನ್ನೊಂದು. ಹಳೆ ಹೆಂಚಿನ ಮನೆಗಳಲ್ಲಿ ಕೋಣೆಯ ಗೋಡೆ ಮಾಡಿನವರೆಗೆ ಹೋಗಿರುವುದಿಲ್ಲ. ಜಗಲಿಯಲ್ಲಿ ಮಾವ ಕೆಮ್ಮಿದ್ದು ಕೋಣೆಗೆ ಕೇಳುತ್ತದೆ. ಹಾಗಾದರೆ ಕೋಣೆಯದ್ದು ಜಗಲಿಗೂ ಕೇಳುತ್ತದೆ ಅನ್ನುವುದು ಸೊಸೆಗೆ ಪ್ರತಿ ಕ್ಷಣ ತಲೆಯಲ್ಲಿರುತ್ತದೆ. ಮಗ ಅದೇ ಮನೆಯಲ್ಲಿ ಹುಟ್ಟಿ ಬೆಳೆದವನು, ಅವನಿಗೆ ಇದು ಹೊಳೆಯುವುದೇ ಇಲ್ಲ. ಮೇಲೆ ಹಲಗೆ ಹೊಡೆಸುವುದೋ, ಬದಿಯ ಕೋಣೆಗೆ ಹೋಗುವುದೋ, ಬಾಗಿಲಿಗೆ ಸರಿಯಾದ ಚಿಲಕ ಹಾಕಿಸುವುದೋ, ನಿಮ್ಮ ಮನೆಗೆ ಏನು ಹೊಂದುತ್ತದೋ ಮಾಡಿ. ಸಣ್ಣ ಖರ್ಚು.

ಮುಂದೆ ಅವರಾಗಿ ಮನಸ್ಸು ಮಾಡಿದಾಗ ಕೆಲವು ವಿಷಯ ನೆನಪಿರಲಿ. ಮೆಡಿಕಲ್ ಶಾಪಿನಲ್ಲಿ ನೀರಿನ ಅಂಶದ ಲೂಬ್ರಿಕೆಂಟ್ ಜೆಲ್ ಸಿಗುತ್ತದೆ, ಚೀಟಿ ಬೇಕಾಗಿಲ್ಲ. ಊರಿನ ಅಂಗಡಿಯಲ್ಲಿ ಕೇಳಲು ಸಂಕೋಚವಾದರೆ ಶಿವಮೊಗ್ಗಕ್ಕೆ ಅಡಿಕೆ ಮಂಡಿಗೆ ಬಂದ ದಿನ ತೆಗೆದುಕೊಳ್ಳಿ, ಇಲ್ಲಿ ನಿಮ್ಮನ್ನು ಯಾರೂ ಗುರುತು ಹಿಡಿಯಲ್ಲ. ಮನೆಯಲ್ಲಿರುವ ಕೊಬ್ಬರಿ ಎಣ್ಣೆ ಸಾಕಲ್ವಾ ಅಂತ ಕೇಳುತ್ತಾರೆ. ನಿರೋಧ್ ಬಳಸುವುದಾದರೆ ಎಣ್ಣೆ ಬೇಡವೇ ಬೇಡ, ಎಣ್ಣೆ ತಾಗಿದರೆ ಅದರ ರಬ್ಬರು ಸಡಿಲವಾಗಿ ಹರಿಯುತ್ತದೆ. ಮೊದಲು ಮಗುವಿಗೆ ಹಾಲು ಕುಡಿಸಿ ಮಲಗಿಸಿರಲಿ. ಆ ಹೊತ್ತಿನಲ್ಲಿ ಎದೆಹಾಲು ತಾನಾಗಿ ಸೋರುವುದುಂಟು, ಎಷ್ಟೋ ಹೆಂಗಸರಿಗೆ ಅದೊಂದೇ ನಾಚಿಕೆಗೆ ಸಾಕು. ಪಕ್ಕದಲ್ಲಿ ಒಂದು ಬಟ್ಟೆ ಇಟ್ಟುಕೊಳ್ಳಿ, ನೀವು ಅದನ್ನು ದೊಡ್ಡ ವಿಷಯ ಮಾಡಬೇಡಿ. ಎಷ್ಟು, ಹೇಗೆ ಅನ್ನುವುದು ಅವರ ಹಿಡಿತದಲ್ಲಿರಲಿ. ನೋವು ಅಂದ ಕೂಡಲೇ ನಿಲ್ಲಿಸಿ. ನಿಲ್ಲಿಸಿದ ಮೇಲೆ ಮುಖ ಊದಿಸಿಕೊಂಡು ಆಚೆ ತಿರುಗಿ ಮಲಗಿದರೆ ನಿಲ್ಲಿಸಿಯೂ ಪ್ರಯೋಜನ ಇಲ್ಲ. ಮದುವೆಯಾಗಿದೆ, ನನಗೆ ಹಕ್ಕಿದೆ ಅನ್ನುವ ಮಾತು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಅದಕ್ಕೇ ನಿಮಗೆ ಇಷ್ಟು ಉದ್ದ ಉತ್ತರ ಬರೆಯಲು ಮನಸ್ಸಾಯಿತು.

ಡಾಕ್ಟರ ಹತ್ತಿರ ಹೋದಾಗ ಹೀಗೆ ಹೇಳಿ: ಹೊಲಿಗೆ ಹಾಕಿದ ಹೆರಿಗೆ, ಹತ್ತು ತಿಂಗಳಾಯಿತು, ಸೇರುವಾಗ ನೋವಿದೆ. 'ಸುಸ್ತು' ಅಂತ ಮಾತ್ರ ಹೇಳಿದರೆ ಕಬ್ಬಿಣದ ಮಾತ್ರೆ ಬರೆದುಕೊಟ್ಟು ಕಳಿಸುತ್ತಾರೆ. ಹಿಮೋಗ್ಲೋಬಿನ್ ಜೊತೆ ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಹೆರಿಗೆಯಾದ ವರ್ಷದಲ್ಲಿ ಕೆಲವರಿಗೆ ಥೈರಾಯ್ಡ್ ಏರುಪೇರಾಗುತ್ತದೆ, ಸುಸ್ತು, ಬೇಸರ, ನಿರಾಸಕ್ತಿ ಎಲ್ಲ ಅದರಿಂದಲೂ ಬರಬಹುದು. ಒಣಗುವಿಕೆ ಜಾಸ್ತಿ ಇದ್ದರೆ ಹಚ್ಚುವ ಈಸ್ಟ್ರೋಜೆನ್ ಕ್ರೀಮು ಬರೆದುಕೊಡಬಹುದು, ಅದನ್ನು ನೀವಾಗಿ ತರಬೇಡಿ. ಯೂಟ್ಯೂಬ್ ನೋಡಿ ಕೆಗೆಲ್ ವ್ಯಾಯಾಮ (ಕೆಳಗಿನ ಸ್ನಾಯು ಬಿಗಿಹಿಡಿದು ಬಿಡುವುದು) ಶುರು ಮಾಡುವುದೂ ಈಗ ಬೇಡ. ಸ್ನಾಯು ಸಡಿಲವಾಗಿರುವವರಿಗೆ ಅದು ಒಳ್ಳೆಯದು. ಬಿಗಿಯಾಗಿರುವವರು ಮೊದಲು ಸಡಿಲ ಬಿಡುವುದನ್ನು ಕಲಿಯಬೇಕು. ಯಾವುದು ಅಂತ ಪರೀಕ್ಷೆಯಲ್ಲೇ ಗೊತ್ತಾಗುವುದು.

ನನಗೆ ಚಿಂತೆಯಾದ ಇನ್ನೊಂದು ವಿಷಯ ಆ 'ಮಾತೇ ಇಲ್ಲ' ಅನ್ನುವುದು. ಮಗಳ ಜೊತೆ ನಗುತ್ತಾರೆ ಅಂದಿದ್ದೀರಿ, ಅದು ಒಳ್ಳೆಯ ಲಕ್ಷಣ. ಆದರೂ ಗಮನಿಸಿ. ಮಗು ಮಲಗಿದಾಗಲೂ ಅವರಿಗೆ ನಿದ್ದೆ ಬರುತ್ತಿಲ್ಲವಾ? ಎರಡು ವಾರಕ್ಕಿಂತ ಜಾಸ್ತಿ ದಿನದಿಂದ ಕಾರಣವಿಲ್ಲದೆ ಅಳುತ್ತಾರಾ? ಊಟ ಸೇರುತ್ತಿಲ್ಲವಾ, 'ನಾನು ಇದ್ದೂ ಏನು ಪ್ರಯೋಜನ' ಅನ್ನುತ್ತಾರಾ? ಹಾಗಿದ್ದರೆ ಅದು ಹೆರಿಗೆಯ ನಂತರದ ಖಿನ್ನತೆ ಇರಬಹುದು. ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು, ಚಿಕಿತ್ಸೆಯಿಂದ ವಾಸಿಯಾಗುತ್ತದೆ, ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಸಾಯುವ ಮಾತು, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಮಾತು ಬಂದರೆ ಅವತ್ತೇ ಕರೆದುಕೊಂಡು ಬನ್ನಿ, ಒಬ್ಬರನ್ನೇ ಬಿಡಬೇಡಿ. ಖಿನ್ನತೆ ಅಪ್ಪಂದಿರಿಗೂ ಬರುತ್ತದೆ. ನಡುಮನೆಯಲ್ಲಿ ಒಬ್ಬರೇ ಮಲಗಿ ಸೂರು ನೋಡುತ್ತಿರುವವರು ನೀವಾದರೆ, ಆ ನಂಬರಿಗೆ ನೀವೂ ಫೋನ್ ಮಾಡಬಹುದು.

ನಿಮ್ಮ ಗೆಳೆಯನ ಮಾತಿನಲ್ಲಿ ಅರ್ಧ ಸರಿ. ಮೊದಲ ವರ್ಷ ಕಡಿಮೆಯಾಗುವುದು ಎಲ್ಲರ ಮನೆಯಲ್ಲೂ ಇದೆ. 'ಸುಮ್ನಿರು' ಅನ್ನುವುದು ತಪ್ಪು. ನೀವಿಬ್ಬರೂ ನಾಲ್ಕೈದು ತಿಂಗಳಿಂದ ಸುಮ್ಮನೇ ಇದ್ದೀರಿ, ಅದರಿಂದ ಏನಾಗಿದೆ ಅಂತ ನೀವೇ ಬರೆದಿದ್ದೀರಿ.

ಆಸ್ಪತ್ರೆಗೆ ಬರಲು ಅವರು ಒಪ್ಪದಿರಬಹುದು. ಲೇಡಿ ಡಾಕ್ಟರೇ ನೋಡುತ್ತಾರೆ, ಹೊಲಿಗೆ ಜಾಗ ತೋರಿಸಿಕೊಂಡು ಬರೋಣ ಅಂತಷ್ಟೇ ಹೇಳಿ. ಬೇರೆ ಕಾರಣ ಹೇಳಿ ಮೋಸದಿಂದ ಕರೆದುಕೊಂಡು ಬರಬೇಡಿ. ಮಗುವನ್ನು ನೀವು ಎತ್ತಿಕೊಂಡು ಹೊರಗೆ ಕೂತಿರಿ, ಒಳಗೆ ಅವರು ಒಬ್ಬರೇ ಮಾತಾಡಲಿ. ಅತ್ತೆಯೂ ಜೊತೆಗೆ ಬರುವುದು ಬೇಡ. ಅತ್ತೆ ಎದುರು ಯಾವ ಸೊಸೆಯೂ ಅಲ್ಲಿ ನೋಯುತ್ತೆ ಅಂತ ಬಾಯಿ ಬಿಟ್ಟದ್ದನ್ನು ನಾನು ನೋಡಿಲ್ಲ. ಅಷ್ಟಾದರೂ ಬರಲ್ಲ ಅಂದರೆ ಬಲವಂತ ಬೇಡ, ಮೊದಲ ಸಲ ನೀವೊಬ್ಬರೇ ಬನ್ನಿ. ಬರುವಾಗ ಡಿಸ್ಚಾರ್ಜ್ ಚೀಟಿ ತನ್ನಿ, ಹೊಲಿಗೆ ಎಷ್ಟು ಆಳದ್ದು ಅನ್ನುವುದು ಸಾಮಾನ್ಯವಾಗಿ ಅದರಲ್ಲಿ ಬರೆದಿರುತ್ತದೆ.